ಪ್ರಾಯೋಗಿಕ ಮನಃಶಾಸ್ತ್ರದಲ್ಲಿ ಸಂಶೋಧನಾ ಎಂಎಸ್ಸಿ: ಸೀಟು ಹುಡುಕುವುದರಿಂದ ವೈವಾವರೆಗೆ

ಡಿಸರ್ಟೇಶನ್ ಒಪ್ಪಿಸಲು ತಿಂಗಳು ಬಾಕಿ ಇರುವಾಗ ವಿದ್ಯಾರ್ಥಿಗಳು ಎಕ್ಸೆಲ್ ಫೈಲ್ ಹಿಡಿದು ಬರುತ್ತಾರೆ. ಕೇಳುವುದು ಒಂದೇ ಪ್ರಶ್ನೆ: "ಡೇಟಾ ಆಗಿದೆ, ಇದಕ್ಕೆ ಯಾವ ಟೆಸ್ಟ್ ಹಾಕಬೇಕು?" ಆ ಪ್ರಶ್ನೆ ಕೇಳಬೇಕಾದ ಸಮಯ ಆರು ತಿಂಗಳ ಹಿಂದೆಯೇ ಮುಗಿದಿರುತ್ತದೆ. ಒಗ್ಗರಣೆ ಸೀದ ಮೇಲೆ ಸಾರಿಗೆ ಏನು ಸುರಿದರೂ ವಾಸನೆ ಹೋಗುವುದಿಲ್ಲ, ಅಲ್ವಾ? ಪ್ರಯೋಗದ ಡೇಟಾ ಕೂಡ ಹಾಗೇ.

ಮೈಸೂರು, ಮಂಡ್ಯ ಕಡೆಯ ಹುಡುಗ ಹುಡುಗಿಯರು ಬುದ್ಧಿ ಇಲ್ಲದೆ ಸೋಲುತ್ತಿಲ್ಲ. ಕೆಲಸದ ಕ್ರಮ ತಪ್ಪಿ ಸೋಲುತ್ತಿದ್ದಾರೆ. ಅದಕ್ಕೇ ಇಲ್ಲಿ ಕ್ರಮದ ಮೇಲೇ ಒತ್ತು ಜಾಸ್ತಿ. ಉದಾಹರಣೆಗೆ ಒಂದೇ ಪ್ರಯೋಗವನ್ನು ಕೊನೆಯವರೆಗೂ ಎಳೆದುಕೊಂಡು ಹೋಗುತ್ತೇನೆ.

## ಹಂತ 1: ಸೇರುವ ಮೊದಲು ವಿಚಾರಿಸಿ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಈ ಓದು ಲ್ಯಾಬ್, ಅಳತೆ ಮತ್ತು ಅಂಕಿಅಂಶದ ಓದು. ಇದನ್ನು ಮುಗಿಸಿ ಬೋರ್ಡ್ ಹಾಕಿಕೊಂಡು ರೋಗಿಗಳನ್ನು ನೋಡಲು ಆಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕು ಅಂದರೆ ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ಕೋರ್ಸ್ ಮತ್ತು ನೋಂದಣಿ ಬೇಕು. ಆಸೆ ಅದಾಗಿದ್ದರೆ ದಾರಿಯೇ ಬೇರೆ.

ಇದೇ ಬೇಕು ಅಂತಾದರೆ, ಅರ್ಜಿ ಹಾಕುವ ಮೊದಲು ಆ ವಿಭಾಗದ ಲೈಬ್ರರಿಗೆ ಹೋಗಿ. ಹಿಂದಿನ ಬ್ಯಾಚಿನವರ ಡಿಸರ್ಟೇಶನ್‌ಗಳನ್ನು ತೆಗೆಸಿ ನೋಡಿ. ಎಲ್ಲವೂ ಪ್ರಶ್ನಾವಳಿ ಹಂಚಿ ಬರೆದವೇ? ಒಂದಾದರೂ ಪ್ರಯೋಗ ಇದೆಯೇ? ಪ್ರಾಸ್ಪೆಕ್ಟಸ್ ಎಷ್ಟು ಚೆನ್ನಾಗಿದ್ದರೂ ನಂಬಬೇಕಾದ್ದು ಈ ಕಪಾಟನ್ನು. ಆಮೇಲೆ ಎರಡು ಪ್ರಶ್ನೆ ಕೇಳಿ: ಡಿಸರ್ಟೇಶನ್ ಕಡ್ಡಾಯವೇ, ಐಚ್ಛಿಕವೇ? ಮನುಷ್ಯರ ಮೇಲೆ ಪ್ರಯೋಗ ಮಾಡುವ ಗೈಡ್ ಯಾರಾದರೂ ಇದ್ದಾರೆಯೇ?

ಮೈಸೂರು ಬಿಟ್ಟು ಹೋಗಲು ಸಿದ್ಧರಿದ್ದರೆ ಗಾಂಧಿನಗರದ ಐಐಟಿಯಂಥ ಕಡೆ ಕಾಗ್ನಿಟಿವ್ ಸೈನ್ಸ್ ಎಂಎಸ್ಸಿ ಇದೆ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಮನಃಶಾಸ್ತ್ರವೂ ಒಂದು ವಿಷಯ. ಮುಂದೆ ಪಿಎಚ್‌ಡಿ ಯೋಚನೆ ಇದ್ದವರು ಇದನ್ನು ನೆನಪಿಟ್ಟುಕೊಳ್ಳಿ.

## ಹಂತ 2: ಮೊದಲ ಸೆಮಿಸ್ಟರಿನಲ್ಲೇ ಸಲಕರಣೆ ಕೈವಶ ಮಾಡಿಕೊಳ್ಳಿ

ಬೇಕಾದ ಸಾಫ್ಟ್‌ವೇರ್ ಎಲ್ಲ ಉಚಿತ. ಪ್ರಯೋಗ ಕಟ್ಟಲು ಸೈಕೋಪೈ. ವಿಶ್ಲೇಷಣೆಗೆ ಜಾಸ್ಪ್ ಅಥವಾ ಜಮೋವಿ. ಎಷ್ಟು ಜನ ಬೇಕು ಎಂದು ಲೆಕ್ಕ ಹಾಕಲು ಜಿ ಪವರ್. ಓದಿದ ಲೇಖನಗಳನ್ನು ಜೋಡಿಸಿಡಲು ಜೊಟೆರೊ. ಎಸ್‌ಪಿಎಸ್‌ಎಸ್ ಎಂಬ ದುಡ್ಡು ಕೊಟ್ಟು ಕೊಳ್ಳುವ ಅಂಕಿಅಂಶದ ಸಾಫ್ಟ್‌ವೇರ್ ಇದೆ, ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟ ಅದರ ಕಳ್ಳ ಕಾಪಿಯ ಸಹವಾಸ ಬೇಡ. ಅದು ವೈರಸ್ ತರುತ್ತದೆ, ಅದೂ ಡಿಸರ್ಟೇಶನ್ ತಿಂಗಳಲ್ಲೇ ಕೈ ಕೊಡುತ್ತದೆ. ಪಿಎಚ್‌ಡಿ ಮನಸ್ಸಿದ್ದರೆ ಎರಡನೇ ಸೆಮಿಸ್ಟರಿನಿಂದ ಆರ್ (ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ) ಶುರು ಮಾಡಿ.

ಲ್ಯಾಪ್‌ಟಾಪ್ ಸಾಧಾರಣದ್ದಾದರೂ ಸಾಕು. ಆದರೆ ವೈರ್ ಇರುವ ಕೀಬೋರ್ಡ್, ಶಬ್ದದ ಪ್ರಯೋಗವಾದರೆ ವೈರ್ ಇರುವ ಹೆಡ್‌ಫೋನ್ ಬೇಕೇ ಬೇಕು. ಬ್ಲೂಟೂತ್ ತಡ ಮಾಡುತ್ತದೆ. ಆ ತಡ ಒಂದೊಂದು ಸಲ ಒಂದೊಂದು ಥರ ಇರುವುದರಿಂದ ಕಳೆದು ಸರಿಮಾಡಲೂ ಆಗುವುದಿಲ್ಲ.

ಬಿಎಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಗಣಿತಕ್ಕೆ ಹೆದರುತ್ತಾರೆ. ಇಲ್ಲಿ ಬೇಕಾಗುವ ಗಣಿತ ಹೈಸ್ಕೂಲಿನದ್ದು. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್, ಸ್ಟ್ಯಾಂಡರ್ಡ್ ಎರರ್ ಈ ಮೂರನ್ನು ಒಂದು ಸಲ ಕೈಯಲ್ಲೇ ಲೆಕ್ಕ ಮಾಡಿ. ಹತ್ತು ಜನರ ಅಂಕಿ ಸಾಕು. ಆಮೇಲೆ ಸಾಫ್ಟ್‌ವೇರ್ ಕೊಡುವ ಉತ್ತರ ಅರ್ಥವಾಗುತ್ತದೆ.

ಲೇಖನಗಳಿಗೆ ದುಡ್ಡು ಕೊಡುವ ಮೊದಲು ನಿಮ್ಮ ಲೈಬ್ರರಿಯಲ್ಲಿ "ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್" ಲಾಗಿನ್ ಕೇಳಿ. 2025ರಲ್ಲಿ ಶುರುವಾದ ಈ ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಜರ್ನಲ್‌ಗಳು ಸಿಗುತ್ತವೆ.

## ಹಂತ 3: ಪ್ರಶ್ನೆಯನ್ನು ಸಣ್ಣದು ಮಾಡಿ

"ಯುವಜನರ ಮೇಲೆ ಮೊಬೈಲಿನ ಪರಿಣಾಮ." ಇಂಥ ಶೀರ್ಷಿಕೆ ಪ್ರತಿ ವರ್ಷ ಬರುತ್ತದೆ. ಒಳಗೆ ನೋಡಿದರೆ ಗೂಗಲ್ ಫಾರ್ಮ್‌ನಲ್ಲಿ ಎರಡು ಪ್ರಶ್ನಾವಳಿ, ಒಂದು ಕೋರಿಲೇಶನ್ (ಎರಡು ಅಂಕಿ ಒಟ್ಟಿಗೆ ಏರಿಳಿಯುತ್ತವೆಯೇ ಎಂಬ ಲೆಕ್ಕ). ಅದು ಸಮೀಕ್ಷೆ. ಪರಿಣಾಮ ಅನ್ನಬೇಕಾದರೆ ನೀವು ಏನನ್ನಾದರೂ ಬದಲಾಯಿಸಿ, ಉಳಿದದ್ದನ್ನೆಲ್ಲ ಹಾಗೇ ಇಟ್ಟು, ಫಲ ಅಳೆದಿರಬೇಕು. "ನಾನು ಬದಲಾಯಿಸಿದ್ದು ಏನು?" ಎಂಬ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಇಲ್ಲದಿದ್ದರೆ ನಿಮ್ಮ ಬಳಿ ಪ್ರಯೋಗ ಇಲ್ಲ.

ಉದಾಹರಣೆಗೆ ಹೀಗೊಂದು ಪ್ರಶ್ನೆ ಇಟ್ಟುಕೊಳ್ಳೋಣ. ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಹೇಳಿ ಅಂದರೆ ಜನ ತಡವರಿಸುತ್ತಾರೆ. ಇದು 1935ರ ಸ್ಟ್ರೂಪ್ ಪ್ರಯೋಗ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ತಡವರಿಕೆ ಇಂಗ್ಲಿಷ್ ಪದಗಳಿಗಿಂತ ಕನ್ನಡ ಪದಗಳಲ್ಲಿ ಜಾಸ್ತಿಯೇ? ಬದಲಾಯಿಸುವುದು ಎರಡು: ಪದದ ಭಾಷೆ, ಮತ್ತು ಪದಕ್ಕೂ ಶಾಯಿಗೂ ಹೊಂದಿಕೆ ಇದೆಯೋ ಇಲ್ಲವೋ. ಅಳೆಯುವುದು ಒಂದೇ: ಬಣ್ಣಕ್ಕೆ ತಕ್ಕ ಕೀ ಒತ್ತಿ ಉತ್ತರಿಸಲು ಹಿಡಿಯುವ ಸಮಯ. ಒಂದು ಸೆಮಿಸ್ಟರಿಗೆ ಇಷ್ಟೇ ಸಾಕು.

ಅಪಾಯದ ಸೂಚನೆ: ಗೈಡ್ ಅಥವಾ ಗೆಳೆಯರು "ಇದರ ಜೊತೆಗೆ ಆತಂಕದ ಸ್ಕೇಲೂ ಹಾಕು, ಕೋರಿಲೇಶನ್ ನೋಡೋಣ" ಅಂದಾಗ ನಿಲ್ಲಿ. ಸ್ಟ್ರೂಪ್‌ನಂಥ ಟಾಸ್ಕ್‌ಗಳು ಹೆಚ್ಚುಕಡಿಮೆ ಎಲ್ಲರಲ್ಲೂ ಕೆಲಸ ಮಾಡುತ್ತವೆ. ಆ ಕಾರಣಕ್ಕೇ ಒಬ್ಬರಿಂದ ಒಬ್ಬರಿಗೆ ಇರುವ ವ್ಯತ್ಯಾಸವನ್ನು ಚೆನ್ನಾಗಿ ಅಳೆಯುವುದಿಲ್ಲ. ಹೆಜ್, ಪೊವೆಲ್, ಸಮ್ನರ್ 2018ರಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಗೈಡ್‌ಗೆ ಆ ಲೇಖನ ಕೊಟ್ಟು ವಿನಯವಾಗಿ ಮಾತಾಡಿ.

## ಹಂತ 4: ಡೇಟಾ ಬರುವ ಮೊದಲೇ ವಿಶ್ಲೇಷಣೆ ಬರೆಯಿರಿ

ಜನ ಜಾರಿ ಬೀಳುವುದು ಇಲ್ಲೇ.

ಒಂದು ಹಾಳೆ ತೆಗೆದುಕೊಂಡು ಫಲಿತಾಂಶದ ಗ್ರಾಫನ್ನು ಖಾಲಿಯಾಗಿ ಬರೆಯಿರಿ. ಅಡ್ಡಗೆರೆಯಲ್ಲಿ ಏನು, ನೇರಗೆರೆಯಲ್ಲಿ ಏನು, ಎಷ್ಟು ಕಂಬ. ನಮ್ಮ ಉದಾಹರಣೆಯಲ್ಲಿ ನಾಲ್ಕು ಕಂಬ: ಕನ್ನಡ ಹೊಂದುವ, ಕನ್ನಡ ಹೊಂದದ, ಇಂಗ್ಲಿಷ್ ಹೊಂದುವ, ಇಂಗ್ಲಿಷ್ ಹೊಂದದ. ಪ್ರತಿಯೊಬ್ಬರಿಗೂ ಹೊಂದದ್ದರ ಸರಾಸರಿಯಿಂದ ಹೊಂದುವುದರ ಸರಾಸರಿ ಕಳೆದರೆ ಆ ಭಾಷೆಯ ಅಡ್ಡಿ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. ಒಬ್ಬರಿಗೆ ಎರಡು ಅಂಕಿ, ಕನ್ನಡದ್ದು ಮತ್ತು ಇಂಗ್ಲಿಷಿನದ್ದು. ಅವುಗಳ ನಡುವೆ ಪೇರ್ಡ್ ಟಿ ಟೆಸ್ಟ್, ಅಂದರೆ ಒಬ್ಬರದೇ ಎರಡು ಅಂಕಿಗಳನ್ನು ಹೋಲಿಸುವ ಪರೀಕ್ಷೆ. ಮುಗಿಯಿತು.

ಈಗ ಎಷ್ಟು ಜನ? "ಹಿಂದಿನ ಬ್ಯಾಚಿನವರು 30 ಮಾಡಿದ್ದರು" ಅನ್ನುವುದು ಕಾರಣವಲ್ಲ. ಜಿ ಪವರ್ ತೆರೆದು ಪೇರ್ಡ್ ಟಿ ಟೆಸ್ಟ್ ಆರಿಸಿ. ಆಲ್ಫಾ (ಇಲ್ಲದ ವ್ಯತ್ಯಾಸ ಇದೆ ಎನ್ನುವ ಅಪಾಯ) 0.05, ಪವರ್ (ಇರುವ ವ್ಯತ್ಯಾಸ ಕೈಗೆ ಸಿಗುವ ಸಾಧ್ಯತೆ) 0.80, ಎರಡೂ ಬದಿಯ ಪರೀಕ್ಷೆ. ಪರಿಣಾಮದ ಗಾತ್ರ (ವ್ಯತ್ಯಾಸ ಎಷ್ಟು ದೊಡ್ಡದು ಎಂಬ ಅಳತೆ) 0.5 ಅಂದರೆ 34 ಜನ ಬೇಕು. 0.4 ಅಂದರೆ 52. 0.2 ಅಂದರೆ 199, ಅದು ಒಬ್ಬರ ಡಿಸರ್ಟೇಶನ್‌ಗೆ ಆಗದ ಮಾತು. ಅದೇ 0.5ರ ಗಾತ್ರವನ್ನು ಎರಡು ಬೇರೆ ಗುಂಪುಗಳಲ್ಲಿ ಹುಡುಕಲು ಹೊರಟರೆ ಗುಂಪಿಗೆ 64, ಒಟ್ಟು 128 ಜನ. ಅದಕ್ಕೇ ಆದಷ್ಟು ಒಬ್ಬರೇ ಎಲ್ಲ ಕಂಡೀಷನ್ ಮಾಡುವ ವಿನ್ಯಾಸ ಆರಿಸಿ ಎನ್ನುತ್ತೇನೆ.

ನಾನಾದರೆ 52 ಆರಿಸುತ್ತೇನೆ. ಅರ್ಧ ಜನಕ್ಕೆ ಕನ್ನಡ ಮೊದಲು, ಅರ್ಧ ಜನಕ್ಕೆ ಇಂಗ್ಲಿಷ್ ಮೊದಲು. ಯಾವ ಬಣ್ಣಕ್ಕೆ ಯಾವ ಕೀ ಅನ್ನುವುದಕ್ಕೂ ಎರಡು ಜೋಡಣೆ. ಒಟ್ಟು ನಾಲ್ಕು ಥರ, ಒಂದೊಂದಕ್ಕೆ 13 ಜನ. ಸರಿಯಾಗಿ ಹಂಚಿಕೆಯಾಗುತ್ತದೆ.

ಇನ್ನೂ ಮೂರು ತೀರ್ಮಾನ ಈಗಲೇ ಆಗಬೇಕು. ಯಾವ ಉತ್ತರ ಬಿಡುತ್ತೀರಿ? ತಪ್ಪು ಉತ್ತರಗಳು, 200 ಮಿಲಿಸೆಕೆಂಡಿಗಿಂತ ಬೇಗ ಬಂದವು, 2000 ದಾಟಿದವು ಎಂದಿಟ್ಟುಕೊಳ್ಳಿ. ಯಾರನ್ನು ಬಿಡುತ್ತೀರಿ? 80% ಸರಿ ಉತ್ತರ ಕೊಡದವರನ್ನು. ಯಾವಾಗ ನಿಲ್ಲಿಸುತ್ತೀರಿ? 52 ಆದ ಕೂಡಲೇ. ಇದನ್ನೆಲ್ಲ ಓಎಸ್‌ಎಫ್ ಅಥವಾ ಆಸ್‌ಪ್ರಿಡಿಕ್ಟೆಡ್ ಎಂಬ ವೆಬ್‌ಸೈಟಿನಲ್ಲಿ ದಿನಾಂಕ ಸಮೇತ ಮುಂಚಿತವಾಗಿ ನೋಂದಾಯಿಸಿ. ಇದು ಸುಮ್ನೆ ಶಾಸ್ತ್ರಕ್ಕಲ್ಲ. ಹೀಗೆ ಕೈ ಕಟ್ಟಿಕೊಳ್ಳದೆ, ಆಮೇಲೆ ನಾಲ್ಕು ಕಡೆ ಚೂರುಚೂರು ಸ್ವಾತಂತ್ರ್ಯ ತೆಗೆದುಕೊಂಡರೆ 5% ಇರಬೇಕಾದ ಸುಳ್ಳು ಫಲಿತಾಂಶದ ಸಾಧ್ಯತೆ 60% ದಾಟುತ್ತದೆ ಎಂದು ಸಿಮನ್ಸ್ ಮತ್ತು ಜೊತೆಗಾರರು 2011ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ.

## ಹಂತ 5: ಎಥಿಕ್ಸ್ ಅರ್ಜಿ

ಎಥಿಕ್ಸ್ ಸಮಿತಿ ದಿನಾ ಸೇರುವುದಿಲ್ಲ. ಮುಂದಿನ ಸಭೆ ಯಾವಾಗ ಎಂದು ಮೊದಲೇ ಕೇಳಿ, ಅದಕ್ಕೆ ತಕ್ಕಂತೆ ಅರ್ಜಿ ಕೊಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಒಮ್ಮೆ ಓದಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಆಡುವ ಕನ್ನಡದಲ್ಲಿ. "ಮಧ್ಯದಲ್ಲಿ ಬೇಡ ಅನಿಸಿದರೆ ಎದ್ದು ಹೋಗಬಹುದು, ಯಾರೂ ಕಾರಣ ಕೇಳುವುದಿಲ್ಲ" ಎಂಬ ಸಾಲು ಅದರಲ್ಲಿ ಇರಲೇಬೇಕು.

ಎರಡು ಕಡೆ ಎಡವುತ್ತಾರೆ. ಮೊದಲ ವರ್ಷದ ಡಿಗ್ರಿ ವಿದ್ಯಾರ್ಥಿಗಳಲ್ಲಿ ಕೆಲವರಿಗೆ 18 ತುಂಬಿರುವುದಿಲ್ಲ. ಹುಟ್ಟಿದ ದಿನಾಂಕ ಕೇಳದೆ ಕೂರಿಸಿದರೆ ಪಾಲಕರ ಒಪ್ಪಿಗೆ ಇಲ್ಲದ ಡೇಟಾ ಆಗುತ್ತದೆ, ಬಿಸಾಡಬೇಕಾಗುತ್ತದೆ. ಎರಡನೆಯದು, ಪಾಠ ಮಾಡುವ ಮೇಷ್ಟ್ರೇ ತರಗತಿಯಲ್ಲಿ "ಎಲ್ಲರೂ ಹೋಗಿ ಕೂತ್ಕೊಳ್ಳಿ" ಅಂದರೆ ಅದು ಒಪ್ಪಿಗೆ ಅಲ್ಲ.

ಅನುಮತಿ ಪತ್ರ ಕೈಗೆ ಬರುವ ಮೊದಲು ಒಬ್ಬರಿಂದಲೂ ಡೇಟಾ ತೆಗೆದುಕೊಳ್ಳಬೇಡಿ. ಆಮೇಲೆ ಹಳೇ ದಿನಾಂಕ ಹಾಕಿಸುವ ದಾರಿ ಇಲ್ಲ.

## ಹಂತ 6: ಪ್ರಯೋಗವನ್ನು ಕಟ್ಟಿ

ಸೈಕೋಪೈ ಬಿಲ್ಡರ್‌ನಲ್ಲಿ ಕೋಡ್ ಬರೆಯದೆಯೂ ಇದನ್ನು ಕಟ್ಟಬಹುದು. ಒಂದು ಪದ ತೋರಿಸಿ ಒಂದು ಉತ್ತರ ಪಡೆಯುವುದು ಒಂದು ಟ್ರಯಲ್. ಟ್ರಯಲ್‌ಗಳ ಪಟ್ಟಿ ಒಂದು ಎಕ್ಸೆಲ್ ಹಾಳೆಯಲ್ಲಿ ಇರುತ್ತದೆ. ನಾಲ್ಕು ಬಣ್ಣ ಇಟ್ಟರೆ ಹೊಂದದ ಜೋಡಿಗಳು 12. ಪ್ರತಿಯೊಂದನ್ನೂ ನಾಲ್ಕು ಸಲ ತೋರಿಸಿದರೆ 48. ಹೊಂದುವ ನಾಲ್ಕು ಜೋಡಿಗಳನ್ನು 12 ಸಲ ತೋರಿಸಿದರೆ ಅವೂ 48. ಒಂದು ಭಾಷೆಗೆ 96, ಎರಡಕ್ಕೆ 192 ಟ್ರಯಲ್. ನಡುವೆ ವಿರಾಮ ಕೊಟ್ಟರೂ ಹತ್ತು ನಿಮಿಷದ ಆಸುಪಾಸು. ಒಂದು ಗಂಟೆಯ ಪ್ರಯೋಗ ಮಾಡಬೇಡಿ. ಅರ್ಧ ಗಂಟೆಯ ಮೇಲೆ ನೀವು ಅಳೆಯುವುದು ಅವರ ಆಕಳಿಕೆಯನ್ನು.

ಪರೀಕ್ಷಕರು ಕೇಳಬಹುದಾದ ಒಂದು ಮಾತು: ಅರ್ಧ ಟ್ರಯಲ್ ಹೊಂದುವಂಥವೇ ಆದ್ದರಿಂದ ಪದವೇ ಬಣ್ಣದ ಸುಳಿವು ಕೊಡುತ್ತದಲ್ಲ? ಹೌದು, ಕೊಡುತ್ತದೆ. ಆದರೆ ಎರಡೂ ಭಾಷೆಯಲ್ಲಿ ಅದೇ ಪ್ರಮಾಣ ಇರುವುದರಿಂದ ನಮ್ಮ ಹೋಲಿಕೆಗೆ ತೊಂದರೆ ಇಲ್ಲ. ಇದನ್ನು ಡಿಸರ್ಟೇಶನ್‌ನಲ್ಲಿ ನೀವೇ ಬರೆದುಬಿಡಿ.

ಕನ್ನಡ ಅಕ್ಷರದ ತಾಪತ್ರಯ. ಇಂಗ್ಲಿಷ್ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪದವನ್ನು ಸೈಕೋಪೈಗೆ ಹಾಕಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಯೂನಿಕೋಡ್ ಇದ್ದರೂ ಕೆಲವು ಸಲ ಗುಣಿತ, ಒತ್ತಕ್ಷರ ಪರದೆಯ ಮೇಲೆ ಒಡೆದು ಕಾಣುತ್ತವೆ. ಅದರ ಜೊತೆ ಗುದ್ದಾಡುವುದಕ್ಕಿಂತ ಪ್ರತಿ ಪದವನ್ನೂ ಪಿಎನ್‌ಜಿ ಚಿತ್ರ ಮಾಡಿ ತೋರಿಸುವುದು ಸುರಕ್ಷಿತ. ಆಗ ಯಾವ ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುತ್ತದೆ.

ಚಿತ್ರ ಮಾಡುವುದರಲ್ಲಿ ಇನ್ನೊಂದು ಲಾಭ ಇದೆ. ಒಂದೇ ಪಾಯಿಂಟ್ ಸೈಜಿನಲ್ಲಿ ಕನ್ನಡ ಮತ್ತು ಇಂಗ್ಲಿಷ್ ಅಕ್ಷರಗಳು ಒಂದೇ ಎತ್ತರ ಇರುವುದಿಲ್ಲ. ಎತ್ತರವನ್ನು ಪಿಕ್ಸೆಲ್‌ನಲ್ಲಿ ಅಳೆದು ಸಮ ಮಾಡಿ. ಇಲ್ಲದಿದ್ದರೆ ಫಲಿತಾಂಶ ಭಾಷೆಯದ್ದೋ ಗಾತ್ರದ್ದೋ ಎಂದು ಕೇಳಿದಾಗ ಉತ್ತರ ಇರುವುದಿಲ್ಲ. ಪದಗಳ ಆಯ್ಕೆಯಲ್ಲೂ ಎಚ್ಚರ ಬೇಕು. ಕೆಂಪು, ನೀಲಿ, ಹಸಿರು, ಹಳದಿ ಈ ನಾಲ್ಕರಲ್ಲೂ ಒತ್ತಕ್ಷರ ಇಲ್ಲ. ಕಪ್ಪು ಹಾಕಿದರೆ ಒತ್ತು ಕೆಳಗೆ ಇಳಿದು ಆ ಒಂದು ಪದ ಮಾತ್ರ ಬೇರೆಯಾಗಿ ಕಾಣುತ್ತದೆ. ಹಿನ್ನೆಲೆ ಬೂದು ಬಣ್ಣದ್ದಿರಲಿ. ಬಿಳಿಯ ಮೇಲೆ ಹಳದಿ ಓದಲಾಗುವುದಿಲ್ಲ, ಕಪ್ಪಿನ ಮೇಲೆ ನೀಲಿ ಮುಳುಗುತ್ತದೆ.

ಬೇರೆ ಪ್ರಯೋಗಕ್ಕೆ ಜಾಸ್ತಿ ಕನ್ನಡ ಪದಗಳು ಬೇಕಾದರೆ, ಪದ ಎಷ್ಟು ಬಳಕೆಯಲ್ಲಿದೆ ಎಂಬುದು ಮುಖ್ಯವಾಗುತ್ತದೆ. ಮಾನಸಗಂಗೋತ್ರಿಯಲ್ಲೇ ಇರುವ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕನ್ನಡ ಪಠ್ಯ ಸಂಗ್ರಹ ಇದೆ, ವಿಚಾರಿಸಿ. ಶಬ್ದದ ಪ್ರಯೋಗ ಮಾಡುವವರಿಗೆ ಪಕ್ಕದಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಇಂಥ ಎರಡು ಸಂಸ್ಥೆಗಳು ನಡೆದು ಹೋಗುವ ದೂರದಲ್ಲಿರುವ ಊರು ಎಷ್ಟಿವೆ ಹೇಳಿ?

ಸಮಯದ ಲೆಕ್ಕ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಅಂದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. 50 ಬೇಕಾದರೆ ಮೂರು ಫ್ರೇಮ್. "40 ಮಿಲಿಸೆಕೆಂಡ್ ತೋರಿಸಿದೆ" ಎಂದು ಬರೆದರೆ ಬಲ್ಲವರು ನಗುತ್ತಾರೆ, ಆ ಪರದೆಯಲ್ಲಿ 33 ಅಥವಾ 50 ಮಾತ್ರ ಸಾಧ್ಯ. ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿಯೇ ಓಡಿಸಿ. ಬ್ಯಾಟರಿಯಲ್ಲಿ ಅದು ಶಕ್ತಿ ಉಳಿಸಲು ನಿಧಾನವಾಗಬಹುದು. ಕರೆಂಟ್ ಹೋದರೆ ಆ ಸೆಷನ್ನಿನ ಸಮಯ ಬರೆದಿಟ್ಟುಕೊಳ್ಳಿ. ವೈಫೈ, ಅಪ್‌ಡೇಟ್, ವಾಟ್ಸ್ಆ್ಯಪ್ ಎಲ್ಲ ಬಂದ್.

## ಹಂತ 7: ಪೈಲಟ್, ವಿಶ್ಲೇಷಣೆ ಸಮೇತ

ಇದು ಅಸಲಿ ಪ್ರಯೋಗಕ್ಕೆ ಮುಂಚಿನ ತಾಲೀಮು. ಮೊದಲು ನೀವೇ ಕೂತು ಪೂರ್ತಿ ಮಾಡಿ. ಆಮೇಲೆ ನಾಲ್ಕೈದು ಗೆಳೆಯರು. ಇವರ ಡೇಟಾ ಅಂತಿಮ ಲೆಕ್ಕಕ್ಕೆ ಸೇರುವುದಿಲ್ಲ.

ಪೈಲಟ್ ಅಂದರೆ ಪ್ರೋಗ್ರಾಂ ಕ್ರ್ಯಾಶ್ ಆಗಲಿಲ್ಲ ಎಂದು ಖುಷಿಪಡುವುದಲ್ಲ. ಬಂದ ಫೈಲನ್ನು ತೆರೆದು, ನಾಲ್ಕನೇ ಹಂತದಲ್ಲಿ ಬರೆದ ಗ್ರಾಫ್‌ವರೆಗೂ ಒಯ್ಯಬೇಕು. ಈ ಕೆಲಸ ಮಾಡದವರು 52 ಜನ ಮುಗಿದ ಮೇಲೆ, ಟ್ರಯಲ್ ಕನ್ನಡದ್ದೋ ಇಂಗ್ಲಿಷಿನದ್ದೋ ಎಂದು ಹೇಳುವ ಕಾಲಂ ಫೈಲಿನಲ್ಲೇ ಇಲ್ಲ ಎಂದು ಕಂಡುಕೊಳ್ಳುತ್ತಾರೆ.

ಇಲ್ಲಿ ನೋಡಬೇಕಾದ ಸೂಚನೆಗಳು:

- ಸರಿ ಉತ್ತರದ ಕಾಲಂ ಪೂರ್ತಿ ಸೊನ್ನೆ: ಎಕ್ಸೆಲ್‌ನಲ್ಲಿ ಸರಿ ಕೀಯನ್ನು ದೊಡ್ಡಕ್ಷರದಲ್ಲಿ ಬರೆದಿದ್ದೀರಿ. ಸೈಕೋಪೈ ಅದನ್ನು ಸಣ್ಣಕ್ಷರದಲ್ಲಿ ದಾಖಲಿಸುತ್ತದೆ.
- ಡೇಟಾ ಫೈಲಿನ ಕನ್ನಡ ಎಕ್ಸೆಲ್‌ನಲ್ಲಿ ಚಿತ್ರವಿಚಿತ್ರ ಚಿಹ್ನೆಯಾಗಿದೆ: ಗಾಬರಿ ಬೇಡ, ಡೇಟಾ ಸರಿಯಿದೆ. ಫೈಲನ್ನು ಯುಟಿಎಫ್-8 ಎಂದು ಇಂಪೋರ್ಟ್ ಮಾಡಿ. ಹಾಗೇ ಸೇವ್ ಮಾತ್ರ ಮಾಡಬೇಡಿ, ಆಗ ನಿಜವಾಗಿ ಹಾಳಾಗುತ್ತದೆ.
- ಎಲ್ಲರದ್ದೂ 100% ಸರಿ, ಸಮಯ ತುಂಬಾ ಜಾಸ್ತಿ: ಸೂಚನೆಯಲ್ಲಿ "ಬೇಗ" ಎಂಬ ಮಾತೇ ಇಲ್ಲ. "ತಪ್ಪಿಲ್ಲದೆ, ಆದಷ್ಟು ಬೇಗ" ಎಂದು ಬರೆಯಿರಿ.
- ಗೆಳೆಯರು ಎರಡನೇ ಸಲ ಸೂಚನೆ ಕೇಳುತ್ತಾರೆ: ಸೂಚನೆ ಉದ್ದವಾಗಿದೆ. ಕಡಿಮೆ ಮಾಡಿ, ಅಭ್ಯಾಸದ ಟ್ರಯಲ್ ಹೆಚ್ಚಿಸಿ.

## ಹಂತ 8: ಜನರನ್ನು ಕೂರಿಸುವುದು

ಕ್ಯಾಲೆಂಡರ್ ಹಿಡಿದು ಯೋಜನೆ ಮಾಡಿ. ದಸರಾ ರಜೆಯಲ್ಲಿ ಹಾಸ್ಟೆಲ್ ಖಾಲಿ. ಇಂಟರ್ನಲ್ಸ್ ವಾರದಲ್ಲಿ ಯಾರೂ ಬರುವುದಿಲ್ಲ, ಬಂದವರ ತಲೆ ಬೇರೆಲ್ಲೋ ಇರುತ್ತದೆ. ಮಂಡ್ಯ, ಶ್ರೀರಂಗಪಟ್ಟಣ ಕಡೆಯಿಂದ ರೈಲಲ್ಲಿ ಓಡಾಡುವವರಿಗೆ ಸಂಜೆಯ ಸ್ಲಾಟ್ ಕೊಟ್ಟರೆ ಅರ್ಧ ಮನಸ್ಸು ಪ್ಲಾಟ್‌ಫಾರ್ಮಿನಲ್ಲಿರುತ್ತದೆ. ಬೆಳಗ್ಗೆ ಹತ್ತರಿಂದ ಒಂದರವರೆಗೆ ಒಳ್ಳೆ ಸಮಯ. ಬರುತ್ತೇನೆ ಅಂದವರಲ್ಲಿ ಕೆಲವರು ಬರುವುದಿಲ್ಲ. ಹೆಚ್ಚುವರಿ ಹೆಸರು ಬರೆದಿಟ್ಟುಕೊಳ್ಳಿ.

ಕೋಣೆ ಒಂದೇ, ಪರದೆ ಒಂದೇ, ಕುರ್ಚಿಯ ದೂರ ಒಂದೇ. ನೆಲಕ್ಕೆ ಟೇಪ್ ಅಂಟಿಸಿದರೆ ಸಾಕು. ಪ್ರಯೋಗಕ್ಕೆ ಮೊದಲು ಇಶಿಹಾರ ಪ್ಲೇಟ್ ತೋರಿಸಿ ಬಣ್ಣಗುರುಡು ಇದೆಯೇ ನೋಡಿ. ಭಾಷೆಯ ಹಿನ್ನೆಲೆಯನ್ನು ವಿವರವಾಗಿ ಕೇಳಿ. ಮೈಸೂರಿನಲ್ಲಿ ಮನೆಯಲ್ಲಿ ಉರ್ದುವೋ ತಮಿಳೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಕಾಲೇಜಲ್ಲಿ ಇಂಗ್ಲಿಷಿಗೆ ಬಂದವರು ಬಹಳ. "ಮಾತೃಭಾಷೆ: ಕನ್ನಡ" ಎಂಬ ಒಂದು ಖಾನೆಯಲ್ಲಿ ಇವೆಲ್ಲ ಮುಚ್ಚಿಹೋಗುತ್ತದೆ. ಎಷ್ಟನೇ ತರಗತಿಯವರೆಗೆ ಯಾವ ಮಾಧ್ಯಮ, ದಿನಾ ಯಾವ ಭಾಷೆಯಲ್ಲಿ ಓದುತ್ತಾರೆ, ಮೊಬೈಲ್ ಯಾವ ಭಾಷೆಯಲ್ಲಿದೆ ಎಂದು ಕೇಳಿ.

ಫೈಲಿಗೆ ಹೆಸರು ಬೇಡ, ಕೋಡ್ ಹಾಕಿ. ಅದೇ ದಿನ ಎರಡು ಕಡೆ ಕಾಪಿ ಮಾಡಿ. ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರಿಗೂ ಒಂದು ಸಾಲು ಬರೆಯಿರಿ: ಹೊರಗೆ ಡೊಳ್ಳು ಬಾರಿಸುತ್ತಿದ್ದರು, ಎಡಗೈ ಬಳಸಿದರು, ಅರ್ಧಕ್ಕೆ ಫೋನ್ ಬಂತು.

ಮತ್ತೆ ಒಂದು ಮಾತು. ಮಧ್ಯದಲ್ಲಿ ವಿಶ್ಲೇಷಣೆ ಓಡಿಸಿ ನೋಡಬೇಡಿ. 30 ಜನಕ್ಕೇ ಪಿ ಮೌಲ್ಯ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡ ಫಲ ಬರುವ ಸಾಧ್ಯತೆ) 0.05ರ ಕೆಳಗೆ ಬಂತು ಎಂದು ನಿಲ್ಲಿಸುವುದೂ ತಪ್ಪು. 52ಕ್ಕೆ 0.07 ಬಂತು ಎಂದು ಇನ್ನೂ ಹತ್ತು ಜನ ಸೇರಿಸುವುದೂ ತಪ್ಪು.

## ಹಂತ 9: ವಿಶ್ಲೇಷಣೆ

ಕೆಲಸ ಮೊದಲೇ ಆಗಿದೆ, ಈಗ ಓಡಿಸುವುದಷ್ಟೇ. ಮೂಲ ಫೈಲುಗಳನ್ನು ಒಂದು ಫೋಲ್ಡರಿನಲ್ಲಿಟ್ಟು ಮುಟ್ಟಬೇಡಿ. ಕಾಪಿಯ ಮೇಲೆ ಕೆಲಸ ಮಾಡಿ. ಎಷ್ಟು ಟ್ರಯಲ್, ಎಷ್ಟು ಜನರನ್ನು ಬಿಟ್ಟಿರಿ ಎಂದು ಬರೆಯಿರಿ.

ಜಾಸ್ಪ್‌ನಲ್ಲಿ ಎರಡು-ಎರಡರ ರಿಪೀಟೆಡ್ ಮೆಷರ್ಸ್ ಅನೋವಾ ಓಡಿಸಿದರೆ ಭಾಷೆ ಮತ್ತು ಹೊಂದಿಕೆಯ ಇಂಟರಾಕ್ಷನ್, ಅಂದರೆ ಅಡ್ಡಿ ಭಾಷೆಯಿಂದ ಭಾಷೆಗೆ ಬದಲಾಗುತ್ತದೆಯೇ ಎಂಬುದು ಸಿಗುತ್ತದೆ. ಅದರ ಎಫ್ ಮೌಲ್ಯ ನಿಮ್ಮ ಪೇರ್ಡ್ ಟಿ ಮೌಲ್ಯದ ವರ್ಗಕ್ಕೆ ಸಮ ಇರಬೇಕು. ಇಲ್ಲದಿದ್ದರೆ ಎಲ್ಲೋ ಕಾಲಂ ಅದಲುಬದಲಾಗಿದೆ. ಇದು ಪುಕ್ಕಟೆ ಸಿಗುವ ತಪಾಸಣೆ.

ಸಮಯದ ಜೊತೆ ತಪ್ಪುಗಳನ್ನೂ ನೋಡಿ. ಒಂದು ಭಾಷೆಯಲ್ಲಿ ಬೇಗ ಉತ್ತರಿಸಿ ತಪ್ಪು ಜಾಸ್ತಿ ಮಾಡಿದ್ದರೆ, ಅವರು ನಿಖರತೆ ಕೊಟ್ಟು ವೇಗ ಕೊಂಡಿದ್ದಾರೆ ಅಷ್ಟೇ.

ಪಿ ಮೌಲ್ಯ 0.05ಕ್ಕಿಂತ ಜಾಸ್ತಿ ಬಂದರೆ ಅಳಬೇಡಿ. "ವ್ಯತ್ಯಾಸವೇ ಇಲ್ಲ" ಎಂದೂ ಬರೆಯಬೇಡಿ. ವ್ಯತ್ಯಾಸ ಎಷ್ಟು ಮಿಲಿಸೆಕೆಂಡ್, ಅದರ 95% ಕಾನ್ಫಿಡೆನ್ಸ್ ಇಂಟರ್ವಲ್ ಎಷ್ಟು ಎಂದು ಕೊಡಿ. ಡೇಟಾ ವ್ಯತ್ಯಾಸ ಇದೆ ಎಂಬ ಕಡೆಗೋ ಇಲ್ಲ ಎಂಬ ಕಡೆಗೋ ಎಷ್ಟು ವಾಲುತ್ತದೆ ಎಂದು ಹೇಳುವ ಬೇಯ್ಸ್ ಫ್ಯಾಕ್ಟರನ್ನೂ ಜಾಸ್ಪ್ ಕೊಡುತ್ತದೆ. ಮುಂಚಿತವಾಗಿ ನೋಂದಾಯಿಸಿ ಪ್ರಾಮಾಣಿಕವಾಗಿ ಮಾಡಿದ ಶೂನ್ಯ ಫಲಿತಾಂಶದ ಡಿಸರ್ಟೇಶನ್ ಒಳ್ಳೆ ಡಿಸರ್ಟೇಶನ್ನೇ. ಇದನ್ನು ಒಪ್ಪದ ಗೈಡ್‌ಗಳು ಇದ್ದಾರೆ, ಅದು ಬೇರೆ ವಿಷಯ.

## ಹಂತ 10: ಬರವಣಿಗೆ ಮತ್ತು ವೈವಾ

ಮೊದಲು ವಿಧಾನ ಬರೆಯಿರಿ, ಅದನ್ನು ಪೈಲಟ್ ವಾರದಲ್ಲೇ ಮುಗಿಸಬಹುದು. ಆಮೇಲೆ ಫಲಿತಾಂಶ, ಚರ್ಚೆ. ಪೀಠಿಕೆ ಕೊನೆಗೆ. ಪೀಠಿಕೆಯಿಂದ ಶುರು ಮಾಡಿದವರು ಮೂವತ್ತು ಪುಟ ಕಾಪಿ ಹೊಡೆದು ಸುಸ್ತಾಗುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗೆ ಹೋಲಿಕೆ 10%ವರೆಗೆ ಇದ್ದರೆ ದಂಡವಿಲ್ಲ. 10ರಿಂದ 40% ಇದ್ದರೆ ತಿದ್ದಿ ಮತ್ತೆ ಒಪ್ಪಿಸಬೇಕು. 60% ದಾಟಿದರೆ ನೋಂದಣಿಯೇ ರದ್ದು.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುವುದು ಹೆಚ್ಚಾಗಿ ಇವೇ: ಈ ಸಂಖ್ಯೆ ಯಾಕೆ? ಈ ಟೆಸ್ಟ್ ಯಾಕೆ? ಬೇರೆ ಏನು ಕಾರಣ ಇರಬಹುದು? ಹಂತ 4ರ ಹಾಳೆ ಕೈಯಲ್ಲಿದ್ದರೆ ಮೊದಲ ಎರಡಕ್ಕೆ ಯೋಚಿಸಬೇಕಾಗಿಯೂ ಇಲ್ಲ. ಮೂರನೆಯದಕ್ಕೆ ಅಕ್ಷರದ ಗಾತ್ರ, ಕ್ರಮ, ಓದಿನ ಮಾಧ್ಯಮ ಇವುಗಳಿಗೆ ಏನು ಮಾಡಿದಿರಿ ಎಂದು ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ.

ವೈವಾ ಆದ ವಾರದಲ್ಲೇ ಸೈಕೋಪೈ ಫೈಲು, ಚಿತ್ರಗಳು, ಹೆಸರಿಲ್ಲದ ಡೇಟಾ ಇವನ್ನು ಓಎಸ್‌ಎಫ್‌ಗೆ ಹಾಕಿ. ಡೇಟಾ ಹಂಚುವುದಾಗಿ ಒಪ್ಪಿಗೆ ಪತ್ರದಲ್ಲಿ ಮೊದಲೇ ಹೇಳಿರಬೇಕು, ಮರೆಯಬೇಡಿ. ಕೋಡ್ ಮತ್ತು ಹೆಸರು ಜೋಡಿಸಿದ ಹಾಳೆಯನ್ನು ಆ ಪತ್ರದಲ್ಲಿ ಕೊಟ್ಟ ಮಾತಿನಂತೆ ಹರಿದು ಹಾಕಿ.